ಅಕ್ಕನಿಗೆ ಯಾರೂ ಹೇಳದ ಮಾತು: ಸ್ತನ ಕ್ಯಾನ್ಸರ್ ಡಾಕ್ಟರುಗಳಿಗೆ ಒಂದು ಬಹಿರಂಗ ಪತ್ರ

ಸ್ತನ ಕ್ಯಾನ್ಸರ್‌ಗೆ ಆಪರೇಷನ್ ಮಾಡುವ, ರೇಡಿಯೇಷನ್ ಕೊಡುವ ಎಲ್ಲ ಡಾಕ್ಟರುಗಳಿಗೆ, ಆ ವಿಭಾಗಗಳನ್ನು ನಡೆಸುವವರಿಗೆ, ಯಾವ ಚಿಕಿತ್ಸೆಗೆ ಹೇಗೆ ಹಣ ಕೊಡಬೇಕೆಂದು ನಿಯಮ ಮಾಡುವವರಿಗೆ,

ನಮಸ್ಕಾರ.

ನನಗೆ 71 ವರ್ಷ. ಕಳೆದ ವರ್ಷ ನನ್ನ ಎಡ ಸ್ತನದಲ್ಲಿ ಕ್ಯಾನ್ಸರ್ ಗಂಟು ಸಿಕ್ಕಿತು. ಅಳತೆ 1.1 ಸೆಂಟಿಮೀಟರ್. ಗಂಟನ್ನು ಮಾತ್ರ ತೆಗೆದರು, ಸ್ತನ ಉಳಿಯಿತು. ಆಮೇಲೆ ಆ ಗಂಟು ಇದ್ದ ಜಾಗಕ್ಕೆ ಮಾತ್ರ ರೇಡಿಯೇಷನ್ ಕೊಟ್ಟರು. ಒಟ್ಟು 5 ಸಲ, ದಿನ ಬಿಟ್ಟು ದಿನ. ಎರಡು ವಾರದೊಳಗೆ ಎಲ್ಲ ಮುಗಿಯಿತು.

ಕೊನೆಯ ದಿನ ಅಕ್ಕ ನನ್ನ ಜೊತೆ ಬಂದಿದ್ದಳು. ನಾನು ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ಅವಳು ಕೈಯಲ್ಲಿದ್ದ ಪೇಪರಿನ ಎರಡು ಪುಟವನ್ನೂ ಓದಿ ಮುಗಿಸಿರಲಿಲ್ಲ. "ಇಷ್ಟೇನಾ?" ಅಂದಳು. "ಇಷ್ಟೇ ಅಕ್ಕ" ಅಂದೆ. ಅವಳು ಎದ್ದೇಳಲಿಲ್ಲ. ಪೇಪರನ್ನು ನಾಲ್ಕು ಮಡಿಕೆ ಮಾಡಿದಳು. ಆಮೇಲೆ ಕೇಳಿದಳು: "ಹಾಗಾದರೆ ನನಗೆ ಯಾಕೆ ಇದನ್ನ ಯಾರೂ ಹೇಳಲಿಲ್ಲ?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ಹತ್ತಿರ ಇರಬಹುದು. ಅದಕ್ಕೇ ಈ ಪತ್ರ.

ಆರು ವರ್ಷದ ಹಿಂದೆ ಅಕ್ಕನಿಗೂ ಇದೇ ಕಾಯಿಲೆ ಬಂತು. ಆಗ ಅವಳಿಗೆ 72. ಗಂಟು ನನ್ನದಕ್ಕಿಂತ ಒಂದು ಕೂದಲೆಳೆಯಷ್ಟು ದೊಡ್ಡದು, 1.3 ಸೆಂಟಿಮೀಟರ್. ಕಂಕುಳಿಗೆ ಹರಡಿರಲಿಲ್ಲ. ಹಾರ್ಮೋನ್ ಪರೀಕ್ಷೆ ಪಾಸಿಟಿವ್ ಬಂದಿತ್ತು. ಅಂದರೆ ಮಾತ್ರೆಗೆ ಬಗ್ಗುವ ಜಾತಿ. ನಿಮ್ಮ ಭಾಷೆಯಲ್ಲಿ ಹೇಳುವುದಾದರೆ ಅಪಾಯ ಕಡಿಮೆ ಇರುವ ಆರಂಭದ ಹಂತ. ಅವಳಿಗೆ ಆಸ್ಪತ್ರೆಯಲ್ಲಿ ಸಿಕ್ಕ ಮಾತುಕತೆ ಐದಾರು ನಿಮಿಷದ್ದು. ಗಂಟು ಮಾತ್ರ ತೆಗೆದರೆ ಆಮೇಲೆ ಐದು ವಾರ ದಿನಾ ಕರೆಂಟ್, ಅಂದರೆ ರೇಡಿಯೇಷನ್, ಕೊಡಿಸಿಕೊಳ್ಳಲು ಬರಬೇಕು, ಇಡೀ ಸ್ತನ ತೆಗೆದರೆ ಆ ತಾಪತ್ರಯ ಇಲ್ಲ, ಈ ವಯಸ್ಸಲ್ಲಿ ಅದನ್ನ ಉಳಿಸಿಕೊಂಡು ಏನು ಮಾಡಬೇಕು ಅಂದರು. ಅಕ್ಕನ ಮೊಣಕಾಲು ಆಗಲೇ ಕೆಟ್ಟಿತ್ತು. ಐದು ವಾರ ದಿನಾ ಹೋಗಿ ಬರುವುದು ಅಂದರೆ ಯಾರಾದರೂ ಒಬ್ಬರು ಕೆಲಸ ಬಿಟ್ಟು ಜೊತೆಗೆ ಬರಬೇಕು. ಬೇರೆ ದಾರಿಯೇ ಇಲ್ಲ ಅಂದುಕೊಂಡಳು. ಸ್ತನ ತೆಗೆದರು.

ಅಕ್ಕ ಚೆನ್ನಾಗಿದ್ದಾಳೆ. ಕ್ಯಾನ್ಸರ್ ಮತ್ತೆ ಬಂದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಪರೇಷನ್ ತಪ್ಪಾಯಿತು ಎಂದು ದೂರಲು ನಾನು ಬರೆಯುತ್ತಿಲ್ಲ. ಪೂರ್ತಿ ಸ್ತನ ತೆಗೆಯುವುದು ಕೆಲವರಿಗೆ ಬೇಕೇ ಬೇಕಾಗುತ್ತದೆ. ಕೆಲವರು ಎಲ್ಲ ಕೇಳಿ ತಿಳಿದು, ನನಗೆ ಅದೇ ಇರಲಿ ಅನ್ನುತ್ತಾರೆ. ಅದು ಅವರ ಹಕ್ಕು. ನನ್ನ ತಕರಾರು ಇರುವುದು ಆ ಐದಾರು ನಿಮಿಷದ ಮೇಲೆ.

ಯಾಕೆಂದರೆ ಐದು ವಾರ ಅನ್ನುವ ಮಾತು ಆಗಲೇ ಹಳೆಯದಾಗಿತ್ತು.

ನನ್ನ ಡಾಕ್ಟರು ನನಗೆ ಇದನ್ನೆಲ್ಲ ಒಂದು ಹಾಳೆಯ ಮೇಲೆ ಚಿತ್ರ ಬರೆದು ತಿಳಿಸಿದರು. ಮನೆಗೆ ಬಂದ ಮೇಲೆ ನಾನೂ ಕುತೂಹಲಕ್ಕೆ ಓದುತ್ತಾ ಹೋದೆ. ಅಕ್ಕನ ಪ್ರಶ್ನೆ ಕೇಳಿದ ಮೇಲಂತೂ ಹಠ ಹಿಡಿದು ಓದಿದೆ. ನಿಮಗೆ ಇದು ಗೊತ್ತಿರುವ ವಿಷಯವೇ. ಆದರೂ ರೋಗಿಯ ಕಡೆಯಿಂದ ಓದಿದರೆ ಹೇಗೆ ಕಾಣುತ್ತದೆ ಅಂತ ಒಮ್ಮೆ ಕೇಳಿ. ಈ ಪತ್ರ ಓದುವ ಬೇರೆ ಹೆಂಗಸರಿಗೂ ಇದು ತಿಳಿಯಲಿ.

ಒಂದು ಕಾಲದಲ್ಲಿ ಸ್ತನ ಕ್ಯಾನ್ಸರ್ ಅಂದರೆ ಸ್ತನ, ಅದರ ಕೆಳಗಿನ ಎದೆಯ ಸ್ನಾಯು, ಕಂಕುಳಿನ ಗ್ರಂಥಿ ಎಲ್ಲವನ್ನೂ ಒಟ್ಟಿಗೆ ತೆಗೆಯುತ್ತಿದ್ದರು. ಅಮೆರಿಕದ ಸರ್ಜನ್ ಹಾಲ್‌ಸ್ಟೆಡ್ 19ನೇ ಶತಮಾನದ ಕೊನೆಯಲ್ಲಿ ಬಳಕೆಗೆ ತಂದ ಆಪರೇಷನ್ ಅದು. 1920ರ ದಶಕದಲ್ಲಿ ಲಂಡನ್ನಿನ ಸೇಂಟ್ ಬಾರ್ಥಲೊಮ್ಯೂ ಆಸ್ಪತ್ರೆಯಲ್ಲಿ ಜೆಫ್ರಿ ಕೀನ್ಸ್ ಎಂಬ ಸರ್ಜನ್‌ಗೆ ಇದು ಸರಿ ಕಾಣಲಿಲ್ಲ. ಅವರು ರೇಡಿಯಂ ತುಂಬಿದ ಸೂಜಿಗಳನ್ನು ಸ್ತನದೊಳಗೇ ಚುಚ್ಚಿ ಇಟ್ಟು ಚಿಕಿತ್ಸೆ ಮಾಡಿದರು. ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೀನ್ಸ್ ಅವರ ತಮ್ಮ ಇವರು. ಅಣ್ಣನ ಹೆಸರು ಎಲ್ಲರಿಗೂ ಗೊತ್ತು, ತಮ್ಮನ ಹೆಸರು ನಾನು ಕೇಳಿದ್ದು ಈಗಲೇ. ಗಂಟು ಇರುವ ಕಡೆಗೇ ವಿಕಿರಣ ಕೊಡಬೇಕು, ಹೆಂಗಸಿನ ದೇಹವನ್ನು ಅಷ್ಟೊಂದು ಕತ್ತರಿಸಬೇಕಿಲ್ಲ ಅನ್ನುವ ಯೋಚನೆ ನೂರು ವರ್ಷದಷ್ಟು ಹಳೆಯದು ಅಂತ ಓದಿದಾಗ ನನಗೆ ಮೈ ಜುಮ್ಮೆಂದಿತು. ಅವರ ಕಾಲದವರು ಆ ಮಾತನ್ನು ಹೆಚ್ಚು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಮೇಲೆ 1970ರ ದಶಕದಲ್ಲಿ ಮಿಲಾನ್‌ನಲ್ಲಿ ವೆರೊನೇಸಿ, ಅಮೆರಿಕದಲ್ಲಿ ಬರ್ನಾರ್ಡ್ ಫಿಷರ್ ದೊಡ್ಡ ಪ್ರಯೋಗ ಶುರು ಮಾಡಿದರು. ಕೆಲವರಿಗೆ ಇಡೀ ಸ್ತನ ತೆಗೆದರು, ಕೆಲವರಿಗೆ ಗೆಡ್ಡೆಯ ಭಾಗವನ್ನು ಮಾತ್ರ ತೆಗೆದು ರೇಡಿಯೇಷನ್ ಕೊಟ್ಟರು. 20 ವರ್ಷ ಕಾದು ನೋಡಿ 2002ರಲ್ಲಿ ಇಬ್ಬರೂ ಲೆಕ್ಕ ಕೊಟ್ಟರು. ಬದುಕಿ ಉಳಿದವರ ಸಂಖ್ಯೆಯಲ್ಲಿ ವ್ಯತ್ಯಾಸ ಇರಲಿಲ್ಲ. ಆದರೆ ಫಿಷರ್ ಅವರ ಪ್ರಯೋಗದಲ್ಲಿ ಗಂಟು ಮಾತ್ರ ತೆಗೆದು ರೇಡಿಯೇಷನ್ ಕೊಡದೆ ಬಿಟ್ಟವರಲ್ಲಿ ಶೇ. 39ರಷ್ಟು ಹೆಂಗಸರಿಗೆ ಅದೇ ಸ್ತನದಲ್ಲಿ ಮತ್ತೆ ಕ್ಯಾನ್ಸರ್ ಬಂತು. ಕೊಟ್ಟವರಲ್ಲಿ ಶೇ. 14. ಹಾಗಾಗಿ ಗಂಟು ಮಾತ್ರ ತೆಗೆದರೆ ರೇಡಿಯೇಷನ್ ಬೇಕೇ ಬೇಕು ಅನ್ನುವ ನಿಯಮ ಗಟ್ಟಿಯಾಯಿತು. 2011ರಲ್ಲಿ ಲೋಕದ 17 ಪ್ರಯೋಗಗಳ, ಹತ್ತು ಸಾವಿರಕ್ಕೂ ಮಿಕ್ಕಿದ ಹೆಂಗಸರ ಲೆಕ್ಕ ಒಟ್ಟುಗೂಡಿಸಿದಾಗ ಇನ್ನೂ ಸ್ಪಷ್ಟವಾಯಿತು. ರೇಡಿಯೇಷನ್‌ನಿಂದ ಮೊದಲ 10 ವರ್ಷದಲ್ಲಿ ನಾಲ್ಕು ಜನಕ್ಕೆ ಕಾಯಿಲೆ ಮರಳುವುದು ತಪ್ಪಿದರೆ, 15 ವರ್ಷದೊಳಗೆ ಅಂದಾಜು ಒಂದು ಸಾವು ತಪ್ಪುತ್ತಿತ್ತು.

ಹಾಗಿದ್ದರೆ ಇಡೀ ಸ್ತನಕ್ಕೆ ಕೊಡಬೇಕಾ? ಇಲ್ಲೇ ನನ್ನ ಡಾಕ್ಟರು ಚಿತ್ರ ಬರೆದದ್ದು. ಒಂದು ವೃತ್ತ ಬರೆದು ಒಳಗೆ ಒಂದು ಚುಕ್ಕೆ ಇಟ್ಟರು. "ಮತ್ತೆ ಬಂದರೆ ಹೆಚ್ಚಿನ ಸಲ ಬರುವುದು ಈ ಚುಕ್ಕೆಯ ಸುತ್ತಮುತ್ತಲೇ. ದೂರದ ಮೂಲೆಯಲ್ಲಿ ಬರುವುದು ಅಪರೂಪ. ಹಾಗಾಗಿ ನಿಮ್ಮಂಥವರಿಗೆ ಈ ಜಾಗಕ್ಕೆ ಕೊಟ್ಟರೆ ಸಾಕು" ಅಂದರು. ನಿಮ್ಮಂಥವರು ಅಂದರೆ ಯಾರು ಅಂತ ಕೇಳಿದೆ. ವಯಸ್ಸು ಐವತ್ತು ದಾಟಿರಬೇಕು, ಗಂಟು ಚಿಕ್ಕದಿರಬೇಕು, ಒಂದೇ ಕಡೆ ಇರಬೇಕು, ಕಂಕುಳಿಗೆ ಹೋಗಿರಬಾರದು, ಹಾರ್ಮೋನ್ ಪಾಸಿಟಿವ್ ಇರಬೇಕು, ತೆಗೆದ ತುಂಡಿನ ಅಂಚಿನಲ್ಲಿ ಕ್ಯಾನ್ಸರ್ ಉಳಿದಿರಬಾರದು. ಇವುಗಳಲ್ಲಿ ಒಂದು ತಪ್ಪಿದರೂ ಮತ್ತೆ ಕೂತು ಯೋಚನೆ ಮಾಡಬೇಕಾಗುತ್ತದೆ ಅಂದರು. ನನಗೆ ಬೇಕಿದ್ದದ್ದು ಅಂಥ ಬಿಚ್ಚುಮಾತು.

ಬ್ರಿಟನ್ನಿನ ಇಂಪೋರ್ಟ್ ಲೋ ಎಂಬ ಪ್ರಯೋಗದ ಫಲ 2017ರಲ್ಲೇ ಬಂದಿತ್ತು. 50 ದಾಟಿದ ಒಟ್ಟು 2,018 ಜನ ಹೆಂಗಸರು ಅದರಲ್ಲಿದ್ದರು. ಐದು ವರ್ಷದಲ್ಲಿ ಮತ್ತೆ ಅದೇ ಸ್ತನದಲ್ಲಿ ಕಾಯಿಲೆ ಬಂದದ್ದು ಇಡೀ ಸ್ತನಕ್ಕೆ ಕೊಟ್ಟವರಲ್ಲಿ ನೂರಕ್ಕೆ ಒಬ್ಬರಿಗೆ, ಗಂಟಿನ ಭಾಗಕ್ಕೆ ಮಾತ್ರ ಕೊಟ್ಟವರಲ್ಲಿ ಇನ್ನೂರಕ್ಕೆ ಒಬ್ಬರಿಗೆ. ಅಲ್ಲಿ ಕೊಟ್ಟದ್ದು 15 ಸಲ, ಮೂರು ವಾರ. ಇಟಲಿಯ ಫ್ಲಾರೆನ್ಸ್‌ನಲ್ಲಿ ಇನ್ನೂ ಮುಂದೆ ಹೋದರು. ಗಂಟಿದ್ದ ಜಾಗಕ್ಕೆ ಒಟ್ಟು 30 ಗ್ರೇ (ಗ್ರೇ ಅಂದರೆ ವಿಕಿರಣದ ಅಳತೆ), 5 ಸಲ, ದಿನ ಬಿಟ್ಟು ದಿನ. 520 ಹೆಂಗಸರನ್ನು 10 ವರ್ಷ ನೋಡಿದರು. ಮತ್ತೆ ಬಂದದ್ದು ಇಡೀ ಸ್ತನಕ್ಕೆ ಕೊಟ್ಟವರಲ್ಲಿ ಶೇ. 2.5, ಜಾಗಕ್ಕೆ ಮಾತ್ರ ಕೊಟ್ಟವರಲ್ಲಿ ಶೇ. 3.7. ಆ ಸಣ್ಣ ಅಂತರ ಲೆಕ್ಕಕ್ಕೆ ಹಿಡಿಯುವಂಥದ್ದಲ್ಲ ಎಂದು ತಜ್ಞರು ಹೇಳಿದರು. ಚರ್ಮ ಕೆಂಪಾಗುವುದು, ಗಟ್ಟಿಯಾಗುವುದು ಎರಡನೇ ಗುಂಪಿನಲ್ಲಿ ಕಡಿಮೆ. ಈ ಪ್ರಯೋಗದ ಐದು ವರ್ಷದ ಫಲ 2015ರಲ್ಲೇ ಹೊರಬಂದಿತ್ತು. ಅಂದರೆ ಅಕ್ಕ ಡಾಕ್ಟರ ಎದುರು ಕೂತ ದಿನ ಈ ಎರಡೂ ಪ್ರಯೋಗದ ಐದು ವರ್ಷದ ಫಲ ಲೋಕದಲ್ಲಿ ಇತ್ತು. ಜಾಗಕ್ಕೆ ಮಾತ್ರ ಕೊಡುವ ಅನುಕೂಲ ಅಕ್ಕ ಹೋದ ಆಸ್ಪತ್ರೆಯಲ್ಲಿ ಇರಲಿಲ್ಲ ಅಂತಲೇ ಇಟ್ಟುಕೊಳ್ಳೋಣ. ಮೂರು ವಾರದಲ್ಲಿ ಮುಗಿಸಬಹುದು ಅನ್ನುವುದಾದರೂ ಬ್ರಿಟನ್ನಿನ ಸ್ಟಾರ್ಟ್ ಪ್ರಯೋಗದ 10 ವರ್ಷದ ಫಲ ಬಂದ 2013ರಿಂದ ಗಟ್ಟಿ ವಿಷಯ. ಐದು ವಾರ ಅಂತ ಯಾಕೆ ಹೇಳಿದರು? ಅಭ್ಯಾಸ, ಅಷ್ಟೇ ಅಂತ ನನಗೆ ಅನ್ನಿಸುತ್ತದೆ. 2020ರಲ್ಲಿ ಫಾಸ್ಟ್ ಫಾರ್ವರ್ಡ್ ಪ್ರಯೋಗದ ಲೆಕ್ಕ ಬಂದ ಮೇಲೆ ಇಡೀ ಸ್ತನಕ್ಕೆ ಕೊಡಬೇಕಾದಾಗಲೂ ಒಂದೇ ವಾರದಲ್ಲಿ 5 ಸಲ ಕೊಟ್ಟು ಮುಗಿಸಬಹುದು ಅಂತ ಗೊತ್ತಾಯಿತು. ಇವತ್ತಿಗೂ ಐದು ವಾರದ ಮಾತು ಕೇಳಿ ಹೆದರಿ, ಸ್ತನ ತೆಗೆಸಿಕೊಳ್ಳುವ ಹೆಂಗಸರು ಇದ್ದರೆ ಅದಕ್ಕೆ ಯಾವ ಸಮರ್ಥನೆಯೂ ಇಲ್ಲ.

ನನ್ನ ಐದು ದಿನ ಹೇಗಿತ್ತು ಅಂತ ಹೇಳುತ್ತೇನೆ. ನೀವು ದಿನಾ ಮಾಡುವ ಕೆಲಸವೇ, ಆದರೆ ಮೇಜಿನ ಮೇಲೆ ಮಲಗಿದವರ ಕಡೆಯಿಂದ ನೋಡಿ.

ಮೊದಲು ಸ್ಕ್ಯಾನ್. ಎರಡೂ ಕೈ ತಲೆಯ ಮೇಲೆ ಎತ್ತಿ ಮಲಗಬೇಕು. ನನ್ನ ಬಲ ಭುಜ ಹಿಡಿದುಕೊಂಡು ಎರಡು ವರ್ಷ ಆಗಿದೆ. ಕೈ ಪೂರ್ತಿ ಏಳುವುದಿಲ್ಲ. ಅದನ್ನು ಹೇಳಲು ನಾಚಿಕೆ ಪಟ್ಟು ಹಲ್ಲು ಕಚ್ಚಿ ಎತ್ತಿದೆ. ಅಲ್ಲಿದ್ದ ಹುಡುಗಿ ಮುಖ ನೋಡಿಯೇ ಗೊತ್ತುಮಾಡಿಕೊಂಡಳು. ಕೈ ಕೆಳಗೆ ಮೆತ್ತನೆಯದೊಂದು ಆಸರೆ ಇಟ್ಟಳು. "ಅಮ್ಮ, ಐದು ಸಲವೂ ಇದೇ ರೀತಿ ಮಲಗಬೇಕು. ಈಗ ನೋವಾದರೆ ಆಗಲೂ ನೋವಾಗುತ್ತೆ. ಈಗಲೇ ಹೇಳಿ" ಅಂದಳು. ಮೂರು ಕಡೆ ಸಣ್ಣ ಚುಕ್ಕೆ ಇಟ್ಟರು. ನನ್ನದು ಎಡ ಭಾಗ, ಹೃದಯದ ಪಕ್ಕ. ಅದಕ್ಕೆ ಉಸಿರು ಎಳೆದು ಹಿಡಿಯುವ ಅಭ್ಯಾಸ ಮಾಡಿಸಿದರು. ಉಸಿರು ತುಂಬಿಕೊಂಡಾಗ ಹೃದಯ ಎದೆಗೂಡಿನ ಮುಂಭಾಗದಿಂದ ಸ್ವಲ್ಪ ದೂರ ಸರಿಯುತ್ತದಂತೆ. ಇದು ಸಣ್ಣ ವಿಷಯ ಅಲ್ಲ. ಸ್ವೀಡನ್, ಡೆನ್ಮಾರ್ಕ್‌ನ 2168 ಹೆಂಗಸರನ್ನು ನೋಡಿ 2013ರಲ್ಲಿ ಪ್ರಕಟವಾದ ಲೆಕ್ಕ ಹೀಗಿದೆ: ಹೃದಯಕ್ಕೆ ಸರಾಸರಿ ತಗಲುವ ವಿಕಿರಣ ಒಂದೊಂದು ಗ್ರೇ ಜಾಸ್ತಿ ಆದಂತೆ ಹೃದಯಾಘಾತದಂಥ ತೊಂದರೆಯ ಸಂಭವ ಶೇ. 7.4ರಷ್ಟು ಏರುತ್ತದೆ. ಇಷ್ಟರವರೆಗೆ ಪರವಾಗಿಲ್ಲ ಅನ್ನುವ ಗೆರೆ ಯಾವುದೂ ಕಾಣಲಿಲ್ಲ. ಮೊದಲೇ ಬಿಪಿ, ಹೃದಯದ ಕಾಯಿಲೆ ಇರುವ ವಯಸ್ಸಾದವರಿಗೆ ಇದು ಹೆಚ್ಚು ತಟ್ಟುತ್ತದೆ. ಜಾಗಕ್ಕೆ ಮಾತ್ರ ಕೊಡುವುದರ ಒಂದು ದೊಡ್ಡ ಲಾಭ ಇದೇ. ಹೃದಯಕ್ಕೂ ಶ್ವಾಸಕೋಶಕ್ಕೂ ಹೋಗುವ ಪಾಲು ಕಡಿಮೆಯಾಗುತ್ತದೆ.

ಮೆಷಿನ್ ಸುತ್ತ ತಿರುಗಿತು. ನೋವಿಲ್ಲ, ಬಿಸಿಯೂ ಇಲ್ಲ. ಕರೆಂಟ್ ಕೊಡೋದು ಅನ್ನುವ ಮಾತು ಕೇಳಿ ಶಾಕ್ ಹೊಡೆಯುತ್ತದೇನೋ ಅಂದುಕೊಂಡಿದ್ದೆ. ಇದನ್ನೂ ದಯವಿಟ್ಟು ಮೊದಲೇ ಹೇಳಿ. ಎಷ್ಟು ಜನ ಆ ಒಂದು ಪದಕ್ಕೇ ಹೆದರಿ ಸುಮ್ನೆ ಬೇಡ ಅಂದುಬಿಡುತ್ತಾರೋ. ಆಮೇಲೆ ಒಂದು ವಾರ ಸುಸ್ತು ಇತ್ತು. ಅಂಗೈಯಷ್ಟು ಜಾಗದಲ್ಲಿ ಚರ್ಮ ತುಸು ಕೆಂಪಾಯಿತು. ಆ ಜಾಗ ಮುಟ್ಟಿದರೆ ಈಗಲೂ ಸ್ವಲ್ಪ ಗಟ್ಟಿ.

ಇನ್ನೊಂದು ವಿಷಯ, ಇದು ಆಪರೇಷನ್ ಮಾಡುವವರಿಗೆ. ನನ್ನ ಸರ್ಜನ್ ಗಂಟು ತೆಗೆದ ಮೇಲೆ ಆ ಗುಂಡಿಯ ಸುತ್ತ ಚಿಕ್ಕ ಟೈಟೇನಿಯಂ ಕ್ಲಿಪ್‌ಗಳನ್ನು ಇಟ್ಟಿದ್ದರು. ಸ್ಕ್ಯಾನ್‌ನಲ್ಲಿ ಅವು ಹೊಳೆಯುವ ಚುಕ್ಕೆಗಳಾಗಿ ಕಂಡವು. ಅವು ಇಲ್ಲದಿದ್ದರೆ ಗಂಟು ಎಲ್ಲಿತ್ತು ಎಂದು ಸರಿಯಾಗಿ ಹೇಳುವುದು ಕಷ್ಟ, ಊಹೆಯ ಮೇಲೆ ದೊಡ್ಡ ಜಾಗಕ್ಕೆ ಕೊಡಬೇಕಾಗುತ್ತದೆ ಎಂದು ರೇಡಿಯೇಷನ್ ಡಾಕ್ಟರು ಹೇಳಿದರು. ಸ್ತನದ ಒಳಗಿನ ಭಾಗಗಳನ್ನು ಎಳೆದು ಹೊಂದಿಸಿ ಹೊಲಿದಿದ್ದರಂತೂ ಗುರುತೇ ಸಿಗುವುದಿಲ್ಲ. ಆಪರೇಷನ್ ಟೇಬಲ್ ಮೇಲೆ ಒಂದೆರಡು ನಿಮಿಷದ ಕೆಲಸ ಅದು. ರೋಗಿ ಆಮೇಲೆ ಯಾವ ರೇಡಿಯೇಷನ್ ಆರಿಸಿಕೊಳ್ಳುತ್ತಾಳೋ ಏನೋ, ಕ್ಲಿಪ್ ಮಾತ್ರ ಮರೆಯದೆ ಇಡಿ. ಅದನ್ನು ಬಿಟ್ಟರೆ ಅವಳ ಒಂದು ದಾರಿಯನ್ನು ಅವಳಿಗೆ ಗೊತ್ತಾಗುವ ಮೊದಲೇ ಅರ್ಧ ಮುಚ್ಚಿದಂತೆ.

ಆಪರೇಷನ್ ಹೊತ್ತಿನಲ್ಲೇ, ಅರಿವಳಿಕೆಯಲ್ಲಿ ಇರುವಾಗಲೇ ಗುಂಡಿಯೊಳಗೆ ಚೆಂಡಿನಂಥ ಸಾಧನ ಇಟ್ಟು ಒಂದೇ ಸಲ ಕೊಟ್ಟು ಮುಗಿಸುವ ವಿಧಾನವೂ ಇದೆ. ಟಾರ್ಗಿಟ್ ಅಂತ ಅದರ ಹೆಸರು. ಇಪ್ಪತ್ತರಿಂದ ಐವತ್ತು ನಿಮಿಷ ಹಿಡಿಯುತ್ತದೆ. ಎದ್ದಾಗ ಆಪರೇಷನ್ನೂ ಆಗಿದೆ, ರೇಡಿಯೇಷನ್ನೂ ಆಗಿದೆ. ಕೇಳಿದಾಗ ನನಗೆ ಬಹಳ ಆಸೆಯಾಯಿತು. 2020ರಲ್ಲಿ ಬಂದ ಲೆಕ್ಕದಲ್ಲಿ ಐದು ವರ್ಷಕ್ಕೆ ಮತ್ತೆ ಬಂದದ್ದು ನೂರರಲ್ಲಿ ಸುಮಾರು ಇಬ್ಬರಿಗೆ, ಇಡೀ ಸ್ತನಕ್ಕೆ ಕೊಟ್ಟವರಲ್ಲಿ ನೂರರಲ್ಲಿ ಒಬ್ಬರಿಗೆ. ಆದರೆ ಟಾರ್ಗಿಟ್ ಆದವರಲ್ಲಿ ಐದರಲ್ಲಿ ಒಬ್ಬರಿಗೆ, ಆಮೇಲೆ ಬಂದ ಲ್ಯಾಬ್ ರಿಪೋರ್ಟ್ ನೋಡಿ ಇಡೀ ಸ್ತನಕ್ಕೂ ರೇಡಿಯೇಷನ್ ಕೊಡಬೇಕಾಯಿತು. ಮಿಲಾನ್‌ನಲ್ಲಿ ಎಲೆಕ್ಟ್ರಾನ್ ಕಿರಣದಿಂದ ಒಂದೇ ಸಲ ಕೊಟ್ಟ ಇನ್ನೊಂದು ಪ್ರಯೋಗದಲ್ಲಿ 15 ವರ್ಷಕ್ಕೆ ಮತ್ತೆ ಬಂದದ್ದು ಶೇ. 12.6. ಇಡೀ ಸ್ತನಕ್ಕೆ ಕೊಟ್ಟವರಲ್ಲಿ ಶೇ. 2.4. ಆದರೆ ಬದುಕಿದವರ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ. ಈ ವಿಧಾನದ ಬಗ್ಗೆ ತಜ್ಞರಲ್ಲೇ ಒಮ್ಮತ ಇಲ್ಲ. ಇರಲಿ. ಒಮ್ಮತ ಇಲ್ಲ ಅನ್ನುವುದನ್ನೂ ನಮಗೆ ಹೇಳಬಹುದಲ್ವಾ? ನಾವು ಎಪ್ಪತ್ತು ವರ್ಷ ಬದುಕಿದವರು. ಇಬ್ಬರು ತಿಳಿದವರು ಎರಡು ಮಾತು ಹೇಳುವುದನ್ನು ನೂರು ಸಲ ನೋಡಿದ್ದೇವೆ. ಅದಕ್ಕೆ ಗಾಬರಿ ಬೀಳುವುದಿಲ್ಲ.

ಇನ್ನು ರೇಡಿಯೇಷನ್ನೇ ಬೇಡ ಅನ್ನುವ ದಾರಿ. ಇದನ್ನು ನನ್ನ ಡಾಕ್ಟರು ನನ್ನ ಮುಂದಿಟ್ಟಾಗ ಮೊದಲು ನನಗೆ ಅನುಮಾನ ಬಂತು. ವಯಸ್ಸಾಯಿತು ಅಂತ ಕೈಬಿಡುತ್ತಿದ್ದಾರೇನೋ ಅನ್ನಿಸಿತು. ಅವರು ಹಾಗಲ್ಲ ಅಂತ ಲೆಕ್ಕ ತೋರಿಸಿದರು. 65 ದಾಟಿದ 1326 ಹೆಂಗಸರ ಮೇಲೆ ಮಾಡಿದ ಪ್ರೈಮ್ 2 ಪ್ರಯೋಗದ 10 ವರ್ಷದ ಫಲ 2023ರಲ್ಲಿ ಬಂತು. ಗಂಟು ತೆಗೆಸಿಕೊಂಡು, ಹಾರ್ಮೋನ್ ತಡೆಯುವ ಮಾತ್ರೆ ತೆಗೆದುಕೊಂಡು, ರೇಡಿಯೇಷನ್ ಬಿಟ್ಟವರಲ್ಲಿ ಶೇ. 9.5ರಷ್ಟು ಜನಕ್ಕೆ ಅದೇ ಸ್ತನದಲ್ಲಿ ಮತ್ತೆ ಬಂತು. ಕೊಡಿಸಿಕೊಂಡವರಲ್ಲಿ ಶೇ. 0.9. ಹತ್ತು ಪಟ್ಟು ವ್ಯತ್ಯಾಸ. ಆದರೆ ಹತ್ತು ವರ್ಷ ಬದುಕಿದವರು ಎರಡೂ ಗುಂಪಿನಲ್ಲಿ ನೂರಕ್ಕೆ 81. ಅದಕ್ಕೂ ಮೊದಲು ಅಮೆರಿಕದಲ್ಲಿ 70 ದಾಟಿದ 636 ಹೆಂಗಸರ ಮೇಲೆ ಇಂಥದ್ದೇ ಪ್ರಯೋಗ ನಡೆದಿತ್ತು. ಸುಮಾರು 12 ವರ್ಷ ನೋಡುವಷ್ಟರಲ್ಲಿ 334 ಜನ ತೀರಿಕೊಂಡಿದ್ದರು. ಸ್ತನ ಕ್ಯಾನ್ಸರ್‌ನಿಂದ ಹೋದವರು ಅದರಲ್ಲಿ 21 ಜನ ಮಾತ್ರ. ಈ ಒಂದು ಲೆಕ್ಕ ನನ್ನ ಎದೆಯ ಭಾರವನ್ನು ಎಷ್ಟು ಇಳಿಸಿತು ಅಂದರೆ, ಅದನ್ನು ಒಂದು ಚೀಟಿಯಲ್ಲಿ ಬರೆದು ಅಕ್ಕನಿಗೂ ಕೊಟ್ಟೆ.

ಹಾಗಾದರೆ ನಾನು ಯಾಕೆ ರೇಡಿಯೇಷನ್ ಆರಿಸಿಕೊಂಡೆ? ಮಾತ್ರೆಯ ಕಾರಣಕ್ಕೆ. ಆ ಪ್ರಯೋಗಗಳ ಲೆಕ್ಕ ಇರುವುದು ಐದು ವರ್ಷ ಮಾತ್ರೆ ನುಂಗಬೇಕಿದ್ದವರದ್ದು. ಮಾತ್ರೆ ಪುಟ್ಟದು, ಆದರೆ ಸುಲಭದ್ದಲ್ಲ. ಲೆಟ್ರೋಜೋಲ್ ಥರದವು ಕೀಲು ಹಿಡಿಸುತ್ತವೆ, ಮೂಳೆ ಸವೆಸುತ್ತವೆ. ಟ್ಯಾಮಾಕ್ಸಿಫೆನ್‌ನಲ್ಲಿ ಮೈ ಬಿಸಿಯಾಗುವುದು, ರಕ್ತ ಹೆಪ್ಪುಗಟ್ಟುವ ಅಪಾಯ, ಅಪರೂಪಕ್ಕೆ ಗರ್ಭಕೋಶದ ಕ್ಯಾನ್ಸರ್. ಅಕ್ಕ ಆ ಮಾತ್ರೆ ನುಂಗಿದ ದಿನಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ನನ್ನ ಮೂಳೆ ಮೊದಲೇ ಸವೆದಿದೆ. ಆ ಮಾತ್ರೆಯನ್ನು ಐದು ವರ್ಷ ಹಿಡಿದು ನಡೆಸುತ್ತೇನೆ ಅನ್ನುವ ಧೈರ್ಯ ನನಗಿರಲಿಲ್ಲ. ಮಾತ್ರೆ ನಡುವೆ ಬಿಟ್ಟು, ರೇಡಿಯೇಷನ್ನೂ ಇಲ್ಲದಿದ್ದರೆ ಎರಡು ಕಡೆಯೂ ಆಸರೆ ತಪ್ಪಿದ ಹಾಗೆ. ಹಾಗಾಗಿ ರೇಡಿಯೇಷನ್ ಇರಲಿ, ಮಾತ್ರೆ ಶುರು ಮಾಡಿ ನೋಡೋಣ, ಆಗದಿದ್ದರೆ ಆಗ ಕೂತು ಮಾತಾಡೋಣ ಅಂತ ನಾನೂ ಡಾಕ್ಟರೂ ಒಪ್ಪಿಕೊಂಡೆವು.

ಈಗ ಯೂರೋಪಿನಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡು ಯೂರೋಪಾ ಎಂಬ ಪ್ರಯೋಗ ನಡೆದಿದೆ. 70 ದಾಟಿದ ಹೆಂಗಸರಲ್ಲಿ ಕೆಲವರಿಗೆ ರೇಡಿಯೇಷನ್ ಮಾತ್ರ, ಕೆಲವರಿಗೆ ಮಾತ್ರೆ ಮಾತ್ರ. ನಡುವಿನ ಹಂತದ ಫಲದಲ್ಲಿ ಎರಡು ವರ್ಷಕ್ಕೆ ಮಾತ್ರೆಯ ಗುಂಪಿನವರ ದಿನನಿತ್ಯದ ಆರೋಗ್ಯ, ಲವಲವಿಕೆ ಹೆಚ್ಚು ಕುಸಿದಿತ್ತು. ರೇಡಿಯೇಷನ್ ಗುಂಪಿನಲ್ಲಿ ಹೆಚ್ಚು ಬದಲಾಗಿರಲಿಲ್ಲ. ಕಾಯಿಲೆ ಮರಳುವ ಲೆಕ್ಕ ಪೂರ್ತಿ ಬರಲು ಇನ್ನೂ ವರ್ಷಗಳು ಬೇಕು. ಆದರೆ ಯಾರೋ ಕೊನೆಗೂ ನಮ್ಮನ್ನು "ದಿನ ಹೇಗೆ ಕಳೆಯುತ್ತಿದ್ದೀರಿ?" ಅಂತ ಕೇಳಿದ್ದಾರೆ. ನನಗೆ ಆ ಪ್ರಯೋಗದಲ್ಲಿ ಇಷ್ಟವಾದದ್ದು ಅದು.

ನನ್ನ ಪಕ್ಕದಲ್ಲಿ ಕಾಯುತ್ತಿದ್ದ 80ರ ಒಬ್ಬರು ಮಾತ್ರೆಯನ್ನೇ ಆರಿಸಿಕೊಂಡಿದ್ದರು. ನಾನು ಹೇಗೂ ದಿನಾ ಎಂಟು ಮಾತ್ರೆ ನುಂಗುತ್ತೇನೆ, ಇದು ಒಂಬತ್ತನೆಯದು, ಇಲ್ಲಿಗೆ ಬರುವುದು ಮಾತ್ರ ನನ್ನಿಂದ ಆಗದು ಅಂದರು. ಅವರ ಆಯ್ಕೆ ನನ್ನದಕ್ಕಿಂತ ಪೂರ್ತಿ ಬೇರೆ. ಇಬ್ಬರೂ ಸರಿ. ಅವರನ್ನೂ ನನ್ನನ್ನೂ ಡಾಕ್ಟರು ಕೇಳಿದ್ದರು, ಅದಕ್ಕೇ ಇಬ್ಬರೂ ಸರಿ.

ಅಕ್ಕನಿಗೆ ಆದದ್ದು ಬೇರೆ. ಎದೆಯ ಒಂದು ಕಡೆ ಭಾರ ಹೋಗಿ ನಡೆಯುವಾಗ ತೂಕ ತಪ್ಪಿದ ಹಾಗೆ ಅನ್ನಿಸುತ್ತದೆ ಅನ್ನುತ್ತಾಳೆ. ಬಟ್ಟೆ ಬದಲಿಸುವಾಗ ಈಗಲೂ ದೀಪ ಆರಿಸುತ್ತಾಳೆ. 78ರ ಹೆಂಗಸು, ನೋಡುವವರು ಯಾರೂ ಇಲ್ಲ. ಆದರೂ ಆರಿಸುತ್ತಾಳೆ. "ಈ ವಯಸ್ಸಲ್ಲಿ ಉಳಿಸಿಕೊಂಡು ಏನು ಮಾಡಬೇಕು" ಅಂದವರು ಇದನ್ನು ಒಮ್ಮೆ ನೋಡಬೇಕಿತ್ತು. ದೇಹ ನಮ್ಮದು. ಎಪ್ಪತ್ತಾದ ಮೇಲೂ ನಮ್ಮದೇ.

ವಯಸ್ಸು ಎರಡು ರೀತಿ ನಮಗೆ ಮುಳುವಾಗುತ್ತದೆ. ಒಬ್ಬರು ವಯಸ್ಸಾಯಿತು ಅಂತ ಎಲ್ಲ ತೆಗೆದುಬಿಡುತ್ತಾರೆ. ಇನ್ನೊಬ್ಬರು ವಯಸ್ಸಾಯಿತು ಅಂತ ಏನೂ ಕೊಡದೆ ಬಿಡುತ್ತಾರೆ. ಇಬ್ಬರೂ ಜನ್ಮ ದಿನಾಂಕ ನೋಡಿದವರೇ. 72ರಲ್ಲಿ ಒಬ್ಬರು ಮೆಟ್ಟಿಲು ಹತ್ತಿ ಇಳಿದು ಓಡಾಡುತ್ತಾರೆ, ಇನ್ನೊಬ್ಬರಿಗೆ ಹಾಸಿಗೆಯಿಂದ ಏಳುವುದೇ ಕಷ್ಟ. ಇನ್ನು ಹತ್ತು ಹದಿನೈದು ವರ್ಷ ಗಟ್ಟಿಯಾಗಿ ಬದುಕುವವಳಿಗೆ ನೂರಕ್ಕೆ ಒಂಬತ್ತರ ಅಪಾಯ ದೊಡ್ಡದೇ. ಹೃದಯ ಸೋತವಳಿಗೆ ಅದು ಲೆಕ್ಕಕ್ಕೇ ಬರದಿರಬಹುದು. ಬೇರೆ ಕಾಯಿಲೆ ಏನಿದೆ, ಮನೆಯಲ್ಲಿ ಯಾರಿದ್ದಾರೆ, ನಡೆಯುತ್ತಾರಾ, ಬೀಳುತ್ತಾರಾ, ಮರೆವು ಇದೆಯಾ, ಇದನ್ನೆಲ್ಲ ಕೇಳಲು ಹತ್ತು ನಿಮಿಷ ಸಾಕು. ನನ್ನನ್ನು ಕೇಳಿದ್ದರು. ಜೊತೆಗೆ ಬಂದ ಮಗನನ್ನಲ್ಲ, ನನ್ನನ್ನು. ಮಗ ಉತ್ತರ ಕೊಡಲು ಬಾಯಿ ತೆರೆದಾಗ "ಒಂದು ನಿಮಿಷ, ಅಮ್ಮ ಹೇಳಲಿ" ಅಂದರು.

ಹಣದ ನಿಯಮ ಮಾಡುವವರಿಗೆ ಒಂದು ಮಾತು. ಕೆಲವು ಕಡೆ ರೇಡಿಯೇಷನ್‌ಗೆ ಸಲದ ಲೆಕ್ಕದಲ್ಲಿ ಹಣ ಕೊಡುವ ಪದ್ಧತಿ ಇದೆ. 25 ಸಲ ಕೊಟ್ಟರೆ 25ಕ್ಕೂ ಹಣ, 5 ಸಲ ಕೊಟ್ಟರೆ ಐದಕ್ಕೆ ಮಾತ್ರ. ಆದರೆ ಜಾಗ ಗುರುತಿಸಿ, ಲೆಕ್ಕ ಹಾಕಿ, ತಪ್ಪದೆ ಕೊಡುವ ಕೆಲಸ ಐದು ಸಲದ ಚಿಕಿತ್ಸೆಯಲ್ಲಿ ಒಂದಿಷ್ಟೂ ಕಡಿಮೆ ಇರುವುದಿಲ್ಲ. ಹಾಗಿದ್ದ ಮೇಲೆ ಕಡಿಮೆ ಸಲ ಕೊಡುವ ಆಸ್ಪತ್ರೆ ನಷ್ಟ ಯಾಕೆ ಅನುಭವಿಸಬೇಕು? ಪೂರ್ತಿ ಚಿಕಿತ್ಸೆಗೆ ಇಷ್ಟು ಅಂತ ನಿಗದಿ ಮಾಡಿ. ಆಗ ಡಾಕ್ಟರು ರೋಗಿಯ ಮುಖ ನೋಡಿ ನಿರ್ಧಾರ ಮಾಡಬಹುದು.

ಡಾಕ್ಟರುಗಳೇ, ನಿಮ್ಮಲ್ಲಿ ನಾನು ಕೇಳುವುದು ದೊಡ್ಡದೇನಲ್ಲ. ಆಪರೇಷನ್‌ಗೆ ಮೊದಲೇ, ಚಾಕು ಮುಟ್ಟುವ ಮುನ್ನವೇ, ರೇಡಿಯೇಷನ್ ಡಾಕ್ಟರ ಜೊತೆ ನಮ್ಮನ್ನು ಒಮ್ಮೆ ಕೂರಿಸಿ. ಆಪರೇಷನ್ ಆದ ಮೇಲೆ ಅವರನ್ನು ಭೇಟಿ ಮಾಡಿದರೆ ಅರ್ಧ ದಾರಿಗಳು ಮುಚ್ಚಿರುತ್ತವೆ. ಅಕ್ಕ ಅವರ ಮುಖವನ್ನೇ ನೋಡಲಿಲ್ಲ. ಅಪಾಯವನ್ನು ಹೇಳುವಾಗ ಅರ್ಧಕ್ಕೆ ಇಳಿಯುತ್ತದೆ, ಹತ್ತು ಪಟ್ಟು ಏರುತ್ತದೆ ಅನ್ನಬೇಡಿ. ನೂರು ಜನರಲ್ಲಿ ಎಷ್ಟು ಜನಕ್ಕೆ ಅಂತ ಹೇಳಿ, ಅದು ನಮಗೆ ಅರ್ಥವಾಗುತ್ತದೆ. ನಿಮ್ಮಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಇಲ್ಲ ಅನ್ನಿ, ಎಲ್ಲಿ ಇದೆ ಅಂತಲೂ ಹೇಳಿ. ನಮಗೆ ಯೋಚಿಸಲು ಒಂದು ವಾರ ಕೊಡಿ. ಇಂಥ ಸಣ್ಣ ಗಂಟು ಒಂದು ವಾರದಲ್ಲಿ ಓಡಿಹೋಗುವುದಿಲ್ಲ ಅಂತ ನನ್ನ ಡಾಕ್ಟರೇ ಹೇಳಿದ್ದರು.

ಈ ಪತ್ರವನ್ನು ಕಳಿಸುವ ಮೊದಲು ಅಕ್ಕನಿಗೆ ಓದಿ ಹೇಳಿದೆ. ಅವಳ ವಿಷಯ ಬರೆಯಲು ಅವಳ ಒಪ್ಪಿಗೆ ಬೇಕಲ್ಲ. ಪೂರ್ತಿ ಕೇಳಿದಳು. ಒಂದೇ ಕಡೆ ತಡೆದಳು. ಮೊದಲು ನಾನು "ಅಕ್ಕ ಸ್ತನ ತೆಗೆಸಲು ಒಪ್ಪಿಕೊಂಡಳು" ಅಂತ ಬರೆದಿದ್ದೆ. "ಅದನ್ನ ಹೊಡೆದುಹಾಕು" ಅಂದಳು. "ನಾನು ಒಪ್ಪಲಿಲ್ಲ. ಬೇರೆ ದಾರಿಯೇ ಇಲ್ಲ ಅಂದುಕೊಂಡೆ. ಹಾಗೆ ಬರಿ."

ಹಾಗೇ ಬರೆದಿದ್ದೇನೆ.

ಇಂತಿ,
ಅವಳ ತಂಗಿ